ಟಾಲ್‌ಸ್ಟಾಯ್‌ಗೂ ನಿಮಗೂ ನಡುವೆ ಇರುವವರು

ಆತ್ಮೀಯರೇ,

ಟಾಲ್‌ಸ್ಟಾಯ್ 1886ರಲ್ಲಿ ಪ್ರಕಟಿಸಿದ, ‘ಒಬ್ಬ ಮನುಷ್ಯನಿಗೆ ಎಷ್ಟು ಭೂಮಿ ಬೇಕು?’ ಎಂಬ ಕತೆಯನ್ನು ಕಾಸರಗೋಡಿನ ಪೆರ್ಲದ ಗುಡ್ಡೆಗಳಿಗೆ ತಂದು ನೀವು ಬರೆದ ನೀಳ್ಗತೆ ಕೈಸೇರಿತು. ಭಾಷೆ ಶುದ್ಧವಾಗಿದೆ, ಕತೆ ಎಲ್ಲಿಯೂ ಜಗ್ಗುವುದಿಲ್ಲ. ಸೂರ್ಯ ಮುಳುಗುವುದರೊಳಗೆ ಸುತ್ತಿ ಬಂದಷ್ಟು ಭೂಮಿ ನಿನ್ನದೆಂದು ರೈತ ಪಾಹೋಮ್‌ಗೆ ಹೇಳಿ, ಹೊರಟು ಮರಳಬೇಕಾದ ಜಾಗದ ಗುರುತಾಗಿ ಬಷ್ಕಿರರೆಂಬ ಹುಲ್ಲುಗಾವಲಿನ ಜನರ ಮುಖಂಡ ನೆಲದ ಮೇಲೆ ಇಡುವ ನರಿತುಪ್ಪಳದ ಟೊಪ್ಪಿಯ ಜಾಗದಲ್ಲಿ ನೀವು ಅಡಿಕೆ ಹಾಳೆಯ ಮುಟ್ಟಾಳೆಯನ್ನು ಇಟ್ಟದ್ದು ಚೆನ್ನಾಗಿದೆ. ಆದರೂ ಈಗಿರುವ ರೂಪದಲ್ಲಿ ಇದನ್ನು ಪ್ರಕಟಿಸಲಾರೆ. ಜೊತೆಗೆ ಲಗತ್ತಿಸಿದ ಟಿಪ್ಪಣಿಯಲ್ಲಿ ನೀವು ಹೀಗೆ ಬರೆದಿದ್ದೀರಿ: “ಟಾಲ್‌ಸ್ಟಾಯ್ ಕೃತಿಗಳಿಗೆ ಈಗ ಹಕ್ಕುಸ್ವಾಮ್ಯವಿಲ್ಲ. ನಾನು ಓದಿದ್ದು ಮಲಯಾಳಂ ಅನುವಾದ. ಯಾರ ಅನುಮತಿಯೂ ಬೇಕಾಗಿಲ್ಲ.”

ಮೊದಲನೆಯ ವಾಕ್ಯ ಸರಿ. ಟಾಲ್‌ಸ್ಟಾಯ್ ತೀರಿಕೊಂಡದ್ದು 1910ರಲ್ಲಿ. ಅವರ ಕತೆಯನ್ನು ಯಾರು ಬೇಕಾದರೂ ಅನುವಾದಿಸಬಹುದು, ರೂಪಾಂತರಿಸಬಹುದು. ಎರಡನೆಯದನ್ನು ನೀವು ಪ್ರಾಮಾಣಿಕವಾಗಿ ಹೇಳಿದ್ದೀರಿ. ಮೂರನೆಯದು ಮಾತ್ರ ಆ ಎರಡನೆಯದರಿಂದಲೇ ಬಿದ್ದುಹೋಗುತ್ತದೆ. ನಮ್ಮ 1957ರ ಹಕ್ಕುಸ್ವಾಮ್ಯ ಕಾಯಿದೆಯಲ್ಲಿ ಅನುವಾದಕ್ಕೆ ತನ್ನದೇ ಹಕ್ಕುಸ್ವಾಮ್ಯವಿದೆ. ಅನುವಾದಕರು ಇರುವಷ್ಟು ಕಾಲ ಮತ್ತು ಅವರು ತೀರಿಕೊಂಡ ಮರುವರ್ಷದ ಆರಂಭದಿಂದ 60 ವರ್ಷ ಅದು ಉಳಿಯುತ್ತದೆ, ಮೂಲ ಎಷ್ಟೇ ಹಳೆಯದಾಗಿರಲಿ. ದೂರ ಹೋಗಬೇಕಾಗಿಲ್ಲ. ಮಂಜೇಶ್ವರದ ಗೋವಿಂದ ಪೈಗಳು ಕನ್ನಡಕ್ಕೆ ತಂದ ಜಪಾನಿನ ನೋ ನಾಟಕಗಳ ಮೂಲ ಶತಮಾನಗಳಷ್ಟು ಹಿಂದಿನದು. ಪೈಗಳು ತೀರಿಕೊಂಡದ್ದು 1963ರಲ್ಲಿ, ಆದ್ದರಿಂದ ಅವರ ಕನ್ನಡದ ಮೇಲಿನ ಹಕ್ಕು 2023ರ ಕೊನೆಯವರೆಗೂ ಇತ್ತು. ನೀವು ಓದಿದ ಮಲಯಾಳಂ ಪುಸ್ತಕ ನನ್ನ ಕಪಾಟಿನಲ್ಲೂ ಇದೆ, ಅದರ ಅನುವಾದಕರು ಇಂದಿಗೂ ನಮ್ಮ ನಡುವೆ ಇದ್ದಾರೆ.

ಈಗ ಆರನೆಯ ಪುಟಕ್ಕೆ ಬನ್ನಿ. “ಸೂರ್ಯ ಗುಡ್ಡೆಯಂಚಿಗೆ ಇಳಿಯುತ್ತಿದ್ದಾಗ, ಮನೆಯಲ್ಲಿ ದೀಪ ಹಚ್ಚಿ ಗಾಳಿಗೆ ಕೈ ಅಡ್ಡ ಹಿಡಿದು ನಿಂತ ಹೆಂಡತಿ ಅವನ ಕಣ್ಣ ಮುಂದೆ ಬಂದಳು, ಆ ಬೆಳಕು ಅವಳ ಬೆರಳುಗಳಲ್ಲಿ ಕೆಂಪಾಗಿತ್ತು.” ಇಡೀ ಹಸ್ತಪ್ರತಿಯಲ್ಲಿ ನನ್ನ ಎದೆ ತಟ್ಟಿದ ವಾಕ್ಯ ಇದು. ಆದರೆ ಇದು ಟಾಲ್‌ಸ್ಟಾಯ್ ಕತೆಯಲ್ಲಿಲ್ಲ. ಅಲ್ಲಿ ಪಾಹೋಮ್ ಹೆಂಡತಿಯನ್ನು ಮನೆಯಲ್ಲಿ ಬಿಟ್ಟು ಆಳೊಬ್ಬನ ಜೊತೆ ಹೊರಡುತ್ತಾನೆ. ಕೊನೆಯ ಓಟದಲ್ಲಿ ಅವನಿಗೆ ನೆನಪಾಗುವುದು ಹಿಂದಿನ ರಾತ್ರಿ ಬಿದ್ದ ಕನಸು, ಹೆಂಡತಿಯಲ್ಲ. ದೀಪವನ್ನೂ ಕೆಂಪಾದ ಬೆರಳುಗಳನ್ನೂ ತಂದವರು ಮಲಯಾಳಂ ಅನುವಾದಕರು, ಅದೂ ಇದೇ ಜಾಗದಲ್ಲಿ, ಇದೇ ಅನುಕ್ರಮದಲ್ಲಿ. ಅದೇ ಪುಟದ ಮೇಲ್ಭಾಗದಲ್ಲಿ ಬಿಸಿಲಲ್ಲಿ ಬಂದವನಿಗೆ ನಿಮ್ಮ ಪೆರ್ಲದ ಯಜಮಾನ ‘ಸಂಭಾರ’, ಅಂದರೆ ಮಸಾಲೆ ಮಜ್ಜಿಗೆ, ಕೊಡುತ್ತಾನೆ. ನೀವು ಹುಟ್ಟಿ ಬೆಳೆದ ಮನೆಗಳ ಜಗಲಿಯಲ್ಲಿ ಬಾಯಾರಿ ಬಂದವರ ಮುಂದೆ ಬೆಲ್ಲ ನೀರು ಇಡುತ್ತಾರೆಂಬುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಬಷ್ಕಿರರ ಕುಮಿಸ್, ಅಂದರೆ ಹುದುಗಿಸಿದ ಕುದುರೆ ಹಾಲು, ಮಲಯಾಳಂನಲ್ಲಿ ಸಂಭಾರಂ ಆಯಿತು, ಅಲ್ಲಿಂದ ಹಾಗೆಯೇ ನಿಮ್ಮ ಪುಟಕ್ಕೆ ಇಳಿಯಿತು. ಮುಟ್ಟಾಳೆಯನ್ನು ಕಂಡ ಕಣ್ಣು ಇಲ್ಲಿ ಊರನ್ನು ನೋಡುವುದು ಬಿಟ್ಟು ಪುಸ್ತಕವನ್ನು ನೋಡಿದೆ.

ಕತೆಯ ಹಂದರ ಯಾರ ಸೊತ್ತೂ ಅಲ್ಲ. ನಾಟಕವೊಂದನ್ನು ಸಿನಿಮಾದವರು ಕದ್ದರೆಂಬ ವ್ಯಾಜ್ಯದಲ್ಲಿ ಸುಪ್ರೀಂ ಕೋರ್ಟು 1978ರಲ್ಲಿಯೇ ಹೇಳಿದೆ: ವಿಚಾರಕ್ಕೆ, ವಸ್ತುವಿಗೆ, ಕಥಾಸೂತ್ರಕ್ಕೆ ಹಕ್ಕುಸ್ವಾಮ್ಯವಿಲ್ಲ, ಅದನ್ನು ಹೇಳಿದ ರೀತಿಗೆ ಇದೆ. ದುರಾಸೆಯ ರೈತ, ಸೂರ್ಯಾಸ್ತದ ಗಡುವು, ಕೊನೆಗೆ ಉಳಿಯುವ ಗುಂಡಿಯಷ್ಟು ಜಾಗ, ಇವೆಲ್ಲವನ್ನೂ ನೀವು ನಿಶ್ಚಿಂತೆಯಿಂದ ತೆಗೆದುಕೊಳ್ಳಿ. ಆ ಬೆರಳುಗಳನ್ನು ಕೇಳದೆ ತೆಗೆದುಕೊಳ್ಳುವಂತಿಲ್ಲ.

ಇದು ನನ್ನನ್ನು ಇಷ್ಟು ಕಾಡುವುದಕ್ಕೆ ಕಾರಣವಿದೆ. ನಾನು ಕೆಲಸ ಕಲಿತದ್ದು ಕಾಸರಗೋಡಿನ ಒಂದು ಮುದ್ರಣಾಲಯದಲ್ಲಿ, ಕರಡು ತಿದ್ದುವವನಾಗಿ. ಅಲ್ಲಿಗೆ ಬರುತ್ತಿದ್ದ ಬಂಗಾಳಿ, ರಷ್ಯನ್, ಫ್ರೆಂಚ್ ಕತೆಗಳಲ್ಲಿ ಬಹುಪಾಲು ಮಲಯಾಳಂ ದಾರಿಯಾಗಿ ಬಂದವು. ಅಲ್ಲಿನ ಹಿರಿಯ ಸಂಪಾದಕರು ಅಂಥ ಹಸ್ತಪ್ರತಿಯನ್ನು ಮೊಳೆ ಜೋಡಿಸುವವರಿಗೆ ಕೊಡುವ ಮೊದಲು ಅಂಚಿನಲ್ಲಿ ಕೆಂಪು ಶಾಯಿಯಿಂದ “ಯಾರ ಅನುವಾದದಿಂದ?” ಎಂದು ಬರೆಯುತ್ತಿದ್ದರು. ಆಮೇಲೆ ಮಲಯಾಳಂ ಪುಸ್ತಕವನ್ನು ನನ್ನ ಕೈಗಿತ್ತು ಗಟ್ಟಿಯಾಗಿ ಓದಿಸಿ, ತಾವು ಕನ್ನಡದ ಸಾಲುಗಳ ಕೆಳಗೆ ಪೆನ್ಸಿಲ್ ಆಡಿಸುತ್ತಿದ್ದರು. ಕೇರಳದ ಆ ಅನುವಾದಕರಿಗೆ ಇನ್‌ಲ್ಯಾಂಡ್ ಪತ್ರವನ್ನು ಅವರೇ ಬರೆಯುತ್ತಿದ್ದರು, ಉತ್ತರಗಳನ್ನು ಫೈಲಿಗೆ ಸೇರಿಸುವ ಕೆಲಸ ನನ್ನದು. ಹೆಚ್ಚಿನವರು ಹಣ ಕೇಳುತ್ತಿರಲಿಲ್ಲ. ತಮ್ಮ ಹೆಸರು ಹಾಕಬೇಕು, ಅಚ್ಚಾದ ಮೇಲೆ ಒಂದು ಪ್ರತಿ ಕಳಿಸಬೇಕು ಎನ್ನುತ್ತಿದ್ದರು. ಎರಡು ಭಾಷೆಗಳ ಗಡಿಯಲ್ಲಿ ಕುಳಿತ ನಮಗೆ ಜಗತ್ತಿನ ಸಾಹಿತ್ಯವನ್ನು ಮನೆಬಾಗಿಲಿಗೆ ತಂದುಕೊಟ್ಟವರನ್ನು ಹೆಸರಿಲ್ಲದವರನ್ನಾಗಿ ಮಾಡುವುದು ನನಗೆ ಸಹಿಸಲಾಗದ ಸಂಗತಿ.

ನಿಮ್ಮ ಮುಂದೆ ಎರಡು ದಾರಿಗಳಿವೆ. ಮಲಯಾಳಂ ಪುಸ್ತಕವನ್ನು ಮುಚ್ಚಿಟ್ಟು, ಮಾಡ್ ದಂಪತಿಯ ಇಂಗ್ಲಿಷ್ ಅನುವಾದದಿಂದ ಹೊಸದಾಗಿ ಬರೆಯಬಹುದು. ಏಲ್ಮರ್ ಮಾಡ್ 1938ರಲ್ಲಿ, ಲೂಯಿಸ್ ಮಾಡ್ 1939ರಲ್ಲಿ ತೀರಿಕೊಂಡಿದ್ದಾರೆ, ಆ ಪಠ್ಯ ಈಗ ಮುಕ್ತವಾಗಿದೆ. ಹಾಗೆ ಮಾಡಿದರೆ ದೀಪದ ವಾಕ್ಯವನ್ನು ಬಿಡಬೇಕಾಗುತ್ತದೆ. ಅದು ಬೇಕೆಂದಾದರೆ ಪ್ರಕಾಶಕರ ವಿಳಾಸದ ಮೂಲಕ ಅನುವಾದಕರಿಗೆ ಬರೆಯಿರಿ. ಹಕ್ಕು ಅವರ ಬಳಿಯಿದೆಯೋ ಪ್ರಕಾಶಕರ ಬಳಿಯಿದೆಯೋ ಎಂದು ಕೇಳಿ, ನಿಮ್ಮ ಆರನೆಯ ಪುಟವನ್ನು ಪೂರ್ತಿಯಾಗಿ ಲಗತ್ತಿಸಿ, ಯಾವ ಪತ್ರಿಕೆಯಲ್ಲಿ ಬರಲಿದೆಯೆಂದೂ ತಿಳಿಸಿ. ಒಪ್ಪಿಗೆ ಬರಹದಲ್ಲಿಯೇ ಇರಲಿ. ಅದು ಬಂದ ಮೇಲೆ ಕತೆಯ ಶೀರ್ಷಿಕೆಯ ಕೆಳಗೆ ಟಾಲ್‌ಸ್ಟಾಯ್ ಹೆಸರನ್ನೂ ಅವರ ಹೆಸರನ್ನೂ ಬರೆದು ನನಗೆ ಮತ್ತೆ ಕಳಿಸಿ.

ವಿಶ್ವಾಸದಿಂದ,
ಸಂಪಾದಕ