ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯ ಹಳೆ ಕಟ್ಟಡ ಬ್ರಿಟಿಷರು ಕಟ್ಟಿಸಿದ್ದಾ?

ಇಲ್ಲ. ಹೆಸರು ಕೇಳಿದರೆ ಹಾಗೆ ಅನಿಸುವುದು ಸಹಜ. ನಾನೂ ಬಹಳ ವರ್ಷ ಹಾಗೇ ಅಂದುಕೊಂಡಿದ್ದೆ. ಆದರೆ ಅದನ್ನು ಕಟ್ಟಿಸಿದ್ದು ಮೈಸೂರು ಸಂಸ್ಥಾನ, ಅದೂ ಒಬ್ಬ ಹೆಣ್ಣುಮಗಳ ಆಳ್ವಿಕೆಯಲ್ಲಿ.

1894ರ ಕೊನೆಗೆ ಚಾಮರಾಜೇಂದ್ರ ಒಡೆಯರು ತೀರಿಕೊಂಡಾಗ ಮಗ ನಾಲ್ವಡಿ ಕೃಷ್ಣರಾಜರಿಗೆ ಬರೀ 10 ವರ್ಷ. ಮಗ ದೊಡ್ಡವರಾಗುವ ತನಕ, ಅಂದರೆ 1902ರವರೆಗೆ, ರಾಜ್ಯ ನೋಡಿಕೊಂಡವರು ತಾಯಿ ಕೆಂಪನಂಜಮ್ಮಣ್ಣಿಯವರು. ವಾಣಿವಿಲಾಸ ಸನ್ನಿಧಾನ ಅಂತ ಕರೆಯುತ್ತಿದ್ದುದು ಅವರನ್ನೇ. 1897ರ ಜೂನ್ 22ರಂದು ಈ ಆಸ್ಪತ್ರೆಗೆ ಅಡಿಗಲ್ಲು ಇಟ್ಟದ್ದು ಅವರು. ವಿಕ್ಟೋರಿಯಾ ರಾಣಿ ಪಟ್ಟಕ್ಕೆ ಬಂದು 60 ವರ್ಷ ಆಗಿತ್ತು, ಅದರ ನೆನಪಿಗೆ ಆ ಹೆಸರು.

ಆಗ ಬೆಂಗಳೂರು ಎರಡು ಊರಿನ ಹಾಗಿತ್ತು. ದಂಡು, ಅಂದರೆ ಕಂಟೋನ್ಮೆಂಟ್, ಬ್ರಿಟಿಷರ ಕೈಯಲ್ಲಿ, ಪೇಟೆ ಮೈಸೂರಿನ ಕೈಯಲ್ಲಿ. ದಂಡಿನ ಕಡೆಯವರಿಗೆ ಬೌರಿಂಗ್ ಆಸ್ಪತ್ರೆ ಆಗಲೇ ಇತ್ತು. ಪೇಟೆಯ ಜನಕ್ಕೂ ಒಂದು ದೊಡ್ಡಾಸ್ಪತ್ರೆ ಬೇಕಿತ್ತು ಅಲ್ವಾ? ಕೋಟೆಯ ಪಕ್ಕದ ಜಾಗದಲ್ಲಿ ಕೆಲಸ ಶುರುವಾಯಿತು. ಒಂದು ವರ್ಷ ಕಳೆದಿತ್ತಷ್ಟೇ, 1898ರಲ್ಲಿ ಊರಿಗೆ ಪ್ಲೇಗ್ ಬಂತು. ಜನ ಮನೆಗೆ ಬೀಗ ಹಾಕಿ ಪೇಟೆ ಬಿಟ್ಟರು. ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಹುಟ್ಟಿದ್ದೂ ಆ ಹೊತ್ತಿನಲ್ಲೇ. ಅಂಥ ಕಾಲದಲ್ಲಿ ಈ ಗೋಡೆಗಳು ಎದ್ದವು ಅಂತ ನೆನೆದರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ.

1900ರ ಡಿಸೆಂಬರ್ 8ರಂದು ವೈಸರಾಯ್ ಕರ್ಜನ್ ಬಂದು ಉದ್ಘಾಟನೆ ಮಾಡಿದರು. ಶುರುವಿನಲ್ಲಿ ಇದ್ದದ್ದು 140 ಹಾಸಿಗೆ.

ನಮ್ಮ ಅಜ್ಜ ಅಲ್ಲಿ ಅಡ್ಮಿಟ್ ಆಗಿದ್ದಾಗ ಒಂದು ವಾರ ಊಟದ ಕ್ಯಾರಿಯರ್ ಹಿಡಿದು ಓಡಾಡಿದ್ದೆ. ಹೊರಗೆ ಮಾರ್ಕೆಟ್ಟಿನ ಗಲಾಟೆ, ಬಿಸಿಲು. ಹಳೆ ಕಟ್ಟಡದ ಜಗುಲಿಗೆ ಕಾಲಿಟ್ಟರೆ ತಂಪು. ತಲೆ ಎತ್ತಿ ನೋಡಿದರೆ ಛಾವಣಿ ಎಲ್ಲೋ ಮೇಲೆ. ಇದು ಸುಮ್ನೆ ಅಂದಕ್ಕೆ ಮಾಡಿದ್ದಲ್ಲ. ಆ್ಯಂಟಿಬಯೋಟಿಕ್ ಇಲ್ಲದ ಕಾಲ ಅದು. ರೋಗಿಗೆ ಗಾಳಿ ಬೆಳಕು ಎಷ್ಟು ಜಾಸ್ತಿ ಸಿಕ್ಕರೆ ಅಷ್ಟು ಒಳ್ಳೆಯದು ಅಂತ ವೈದ್ಯರು ನಂಬಿದ್ದರು. ಆಗಿನ ಆಸ್ಪತ್ರೆಗಳಲ್ಲಿ ಎತ್ತರದ ಗೋಡೆ, ದೊಡ್ಡ ಕಿಟಕಿ ಇಡುತ್ತಿದ್ದದ್ದು ಅದಕ್ಕೇ.

ನೋಡಬೇಕು ಅನಿಸಿದರೆ ಕೃಷ್ಣರಾಜೇಂದ್ರ ಮಾರುಕಟ್ಟೆ ಮೆಟ್ರೋ ನಿಲ್ದಾಣದಲ್ಲಿ ಇಳಿಯಿರಿ, ಹತ್ತಿರವೇ ಇದೆ. ಪಕ್ಕದ ಹೆಂಗಸರು ಮತ್ತು ಮಕ್ಕಳ ಆಸ್ಪತ್ರೆಯ ಬೋರ್ಡನ್ನೂ ಒಮ್ಮೆ ಓದಿ. 1935ರಲ್ಲಿ ಶುರುವಾದ ಅದರ ಹೆಸರು ವಾಣಿವಿಲಾಸ.