ಸರ್ಕಾರಕ್ಕಾಗುವ ವಂಚನೆಯನ್ನು ದೂರಿದರೆ ಅಮೆರಿಕದ ಕಾನೂನು ನನ್ನನ್ನು ಎಷ್ಟರಮಟ್ಟಿಗೆ ಕಾಪಾಡುತ್ತದೆ?

ನಿಮ್ಮ ಪ್ರಶ್ನೆಯ ಸಾರ ಇದು: ನೀವು ಅಮೆರಿಕದ ಒಂದು ಕ್ಲಿನಿಕ್ ಸಮೂಹದ ಬಿಲ್ಲಿಂಗ್ ವಿಭಾಗದಲ್ಲಿ ಎಚ್‌-1ಬಿ ವೀಸಾದ ಮೇಲೆ ಕೆಲಸ ಮಾಡುತ್ತಿದ್ದೀರಿ, ಮುಖ್ಯವಾಗಿ ಹಿರಿಯರಿಗಾಗಿ ಸರ್ಕಾರ ನಡೆಸುವ ಆರೋಗ್ಯ ವಿಮೆಯಾದ ಮೆಡಿಕೇರ್‌ಗೆ ಸುಳ್ಳು ಬಿಲ್ಲುಗಳು ಹೋಗುತ್ತಿರುವುದು ಕಣ್ಣಿಗೆ ಬಿದ್ದಿದೆ, ದೂರು ಕೊಟ್ಟರೆ ಕೆಲಸಕ್ಕೂ ವೀಸಾಕ್ಕೂ ಸಂಚಕಾರ ಬರುತ್ತದೆಯೇ ಎಂದು ಕೇಳುತ್ತಿದ್ದೀರಿ. ನಾನು ವಕೀಲನಲ್ಲ. ಇಂಥದೇ ವಿಭಾಗವೊಂದರಲ್ಲಿ ಕೆಲವು ವರ್ಷ ಬಿಲ್ಲುಗಳ ತಪಾಸಣೆ ಮಾಡಿದವನು, ಮತ್ತು ಪಕ್ಕದ ಮೇಜಿನಲ್ಲಿದ್ದ ಸಹೋದ್ಯೋಗಿಯೊಬ್ಬರು ಈ ದಾರಿಯಲ್ಲಿ ಹೋದದ್ದನ್ನು ಹತ್ತಿರದಿಂದ ನೋಡಿದವನು. ಕಾನೂನು ಗಟ್ಟಿಯಾಗಿಯೇ ಇದೆ. ಆದರೆ ಅದು ಕೆಲಸ ಮಾಡಲು ಶುರುಮಾಡುವುದು ಬಹುಮಟ್ಟಿಗೆ ಪೆಟ್ಟು ಬಿದ್ದ ಮೇಲೆ. ಹೀಗಾಗಿ ಯಾವುದನ್ನು ಮೊದಲು ಮಾಡುತ್ತೀರಿ, ಯಾವುದನ್ನು ಆಮೇಲೆ ಮಾಡುತ್ತೀರಿ ಎಂಬುದರ ಮೇಲೆಯೇ ನಿಮಗೆ ಸಿಗುವ ರಕ್ಷಣೆ ನಿಂತಿದೆ.

ಇಲ್ಲಿ ಅನ್ವಯಿಸುವ ಮುಖ್ಯ ಕಾನೂನು ಫಾಲ್ಸ್ ಕ್ಲೇಮ್ಸ್ ಆಕ್ಟ್. ಅಂತರ್ಯುದ್ಧದ ಕಾಲದಲ್ಲಿ ಸೇನೆಗೆ ರೋಗ ಹಿಡಿದ ಕುದುರೆ, ಕೆಲಸಕ್ಕೆ ಬಾರದ ಮದ್ದುಗುಂಡು ಮಾರಿ ಖಜಾನೆ ದೋಚುತ್ತಿದ್ದ ಗುತ್ತಿಗೆದಾರರನ್ನು ಹಿಡಿಯಲೆಂದು 1863ರಲ್ಲಿ ಬಂದದ್ದರಿಂದ ಇದನ್ನು ಇಂದಿಗೂ ಲಿಂಕನ್ ಕಾನೂನು ಎಂದು ಕರೆಯುವವರಿದ್ದಾರೆ. ಅದಕ್ಕೆ ಈಗಿನ ಬಿಗಿ ಬಂದದ್ದು 1986ರ ತಿದ್ದುಪಡಿಯಿಂದ. ತಪ್ಪು ಸಾಬೀತಾದರೆ ಸರ್ಕಾರಕ್ಕಾದ ನಷ್ಟದ ಮೂರು ಪಟ್ಟು ಮೊತ್ತವನ್ನೂ ಪ್ರತಿಯೊಂದು ಸುಳ್ಳು ಬಿಲ್ಲಿಗೆ ಪ್ರತ್ಯೇಕ ದಂಡವನ್ನೂ ತೆರಬೇಕು. 2024ರಲ್ಲಿ ಆ ದಂಡ ಬಿಲ್ಲೊಂದಕ್ಕೆ 13,946ರಿಂದ 27,894 ಡಾಲರ್‌ವರೆಗೆ ಇತ್ತು. ಸರ್ಕಾರದ ಪರವಾಗಿ ಖಾಸಗಿ ವ್ಯಕ್ತಿಯೇ ದಾವೆ ಹೂಡಬಹುದು ಎಂಬುದು ಇದರ ವಿಶೇಷ. ಇದಕ್ಕೆ ಕ್ವಿ ಟಾಮ್ ದಾವೆ ಎನ್ನುತ್ತಾರೆ, ದಾವೆ ಹೂಡಿದವರನ್ನು ರಿಲೇಟರ್ ಎನ್ನುತ್ತಾರೆ. ಕಾನೂನು ಬಳಸಿರುವ ಪದ ‘ವ್ಯಕ್ತಿ’ ಎಂದಷ್ಟೇ. ಅಮೆರಿಕದ ಪೌರರೇ ಆಗಿರಬೇಕೆಂಬ ಷರತ್ತು ಇಲ್ಲ.

ದಾವೆಯನ್ನು ಮುಚ್ಚಿದ ಲಕೋಟೆಯಲ್ಲಿ ಸಲ್ಲಿಸಬೇಕು, ಮತ್ತು ನಿಮ್ಮಲ್ಲಿರುವ ಮುಖ್ಯ ಸಾಕ್ಷ್ಯವನ್ನೆಲ್ಲ ಬರಹದಲ್ಲಿ ಸರ್ಕಾರಕ್ಕೆ ಒಪ್ಪಿಸಬೇಕು. ಕನಿಷ್ಠ 60 ದಿನ, ಎದುರು ಪಕ್ಷಕ್ಕೆ ದಾವೆ ಬಿದ್ದಿರುವ ಸುದ್ದಿಯೂ ತಿಳಿಯುವುದಿಲ್ಲ. ಸರ್ಕಾರ ಕೇಳಿಕೊಂಡಾಗ ನ್ಯಾಯಾಲಯ ಈ ಅವಧಿಯನ್ನು ವಿಸ್ತರಿಸುವುದು ಮಾಮೂಲು, ಅದು ವರ್ಷಗಟ್ಟಲೆ ಎಳೆಯುವುದೂ ಉಂಟು. ಆ ಅವಧಿಯಲ್ಲಿ ನೀವು ಗೆಳೆಯರ ಗುಂಪಿನಲ್ಲಿ ಕೂಡ ಈ ಸುದ್ದಿಗೆ ಬಾಯಿ ಬಿಡುವಂತಿಲ್ಲ. ಆದರೆ ಈ ಗುಟ್ಟು ಶಾಶ್ವತವಲ್ಲ. ಲಕೋಟೆ ತೆರೆದ ದಿನ ನಿಮ್ಮ ಹೆಸರು ಸಾಮಾನ್ಯವಾಗಿ ಸಾರ್ವಜನಿಕ ದಾಖಲೆಗೆ ಸೇರುತ್ತದೆ. ಅನಾಮಧೇಯರಾಗಿಯೇ ಉಳಿಯಬೇಕೆಂದಿದ್ದರೆ ಈ ದಾರಿ ನಿಮಗೆ ಹೊಂದುವುದಿಲ್ಲ. ಆರೋಗ್ಯ ಇಲಾಖೆಯ ಇನ್‌ಸ್ಪೆಕ್ಟರ್ ಜನರಲ್ ಕಚೇರಿಯ ಸಹಾಯವಾಣಿಗೆ ಹೆಸರಿಲ್ಲದೆ ದೂರು ಕೊಡಬಹುದು, ಆದರೆ ಬರೀ ಅಂಥ ದೂರಿನಿಂದ, ವಸೂಲಾದ ಹಣದಲ್ಲಿ ಈ ಕಾಯ್ದೆ ರಿಲೇಟರ್‌ಗೆ ಕೊಡುವ ಪಾಲು ದಕ್ಕುವುದಿಲ್ಲ.

ಸಾಕ್ಷ್ಯದ ಬಗ್ಗೆ ಸ್ವಲ್ಪ ವಿಸ್ತಾರವಾಗಿ ಹೇಳಬೇಕು, ಹೆಚ್ಚಿನವರು ಎಡವುವುದು ಇಲ್ಲಿಯೇ. ನನ್ನ ಸಹೋದ್ಯೋಗಿಗೆ ಮೊದಲು ಅನುಮಾನ ಬಂದದ್ದು ಒಬ್ಬ ವೈದ್ಯರ ಒಂದೇ ದಿನದ ಪಟ್ಟಿಯಿಂದ. 38 ರೋಗಿಗಳ ಭೇಟಿ, ಎಲ್ಲಕ್ಕೂ 99215, ಅಂದರೆ ಹಳೆಯ ರೋಗಿಯ ಭೇಟಿಗೆ ಹಾಕುವ ಅತಿ ಮೇಲಿನ ಹಂತದ ಬಿಲ್ಲಿಂಗ್ ಕೋಡ್. ಸಮಯದ ಆಧಾರದ ಮೇಲೆ ಈ ಕೋಡ್ ಹಾಕಬೇಕಾದರೆ ಭೇಟಿಯೊಂದಕ್ಕೆ ಕನಿಷ್ಠ 40 ನಿಮಿಷ ಬೇಕು. ಆಕೆ ಹಾಳೆಯ ಅಂಚಿನಲ್ಲಿ ಪೆನ್ಸಿಲಿನಿಂದ ಗುಣಿಸಿದರು: 1,520 ನಿಮಿಷ, ಅಂದರೆ 25 ಗಂಟೆ 20 ನಿಮಿಷದ ದಿನ. ಇಷ್ಟೇ ಸಾಕೆಂದು ಆಕೆಗೂ ಅನಿಸಿತು, ನನಗೂ ಅನಿಸಿತು. ಆಕೆಯ ವಕೀಲರು ಮಾತ್ರ ತಲೆಯಾಡಿಸಲಿಲ್ಲ. 2021ರಿಂದ ಈ ಕೋಡನ್ನು ಸಮಯದ ಬದಲು ವೈದ್ಯಕೀಯ ನಿರ್ಧಾರದ ಕ್ಲಿಷ್ಟತೆಯ ಮೇಲೂ ಆರಿಸಬಹುದಾದ್ದರಿಂದ ಬರೀ ಗುಣಾಕಾರ ಸಾಲದು ಎಂದರು. ಆಮೇಲೆ ರೋಗಿಗಳ ದಾಖಲೆಗಳನ್ನು ನೋಡಿದಾಗ 38ರಲ್ಲೂ ‘ಒಟ್ಟು ಸಮಯ 40 ನಿಮಿಷ’ ಎಂಬ ಅದೇ ವಾಕ್ಯ, ಅದೇ ಅಕ್ಷರದೋಷದ ಸಮೇತ, ಅಂಟಿಕೊಂಡಿತ್ತು. ಕೇಸಿಗೆ ಬುನಾದಿಯಾದದ್ದು ಆ ಅಕ್ಷರದೋಷ. ಯಾರು, ಯಾವ ದಿನ, ಯಾವ ಬಿಲ್ಲು, ಹೇಗೆ ಸುಳ್ಳು ಎಂಬುದನ್ನು ನಿರ್ದಿಷ್ಟವಾಗಿ ಹೇಳದ ದಾವೆಯನ್ನು ನ್ಯಾಯಾಲಯ ಆರಂಭದಲ್ಲೇ ವಜಾ ಮಾಡಬಹುದು. ಜೊತೆಗೆ, ಆ ಸುಳ್ಳು ಸರ್ಕಾರ ಹಣ ಕೊಡುವ ನಿರ್ಧಾರಕ್ಕೆ ಮುಖ್ಯವಾದದ್ದಾಗಿರಬೇಕು ಎಂದು ಸುಪ್ರೀಂ ಕೋರ್ಟ್ 2016ರ ಎಸ್ಕೋಬಾರ್ ಪ್ರಕರಣದಲ್ಲಿ ಒತ್ತಿ ಹೇಳಿದೆ.

ಹಾಗೆಂದು ಕಂಪನಿಯ ಸರ್ವರನ್ನೇ ಪೆನ್‌ಡ್ರೈವ್‌ಗೆ ಇಳಿಸಿಕೊಳ್ಳಬೇಡಿ. ನಿಮ್ಮ ಕೆಲಸದ ಭಾಗವಾಗಿ ನಿಮ್ಮ ಕೈಗೆ ಬರುವ, ವಂಚನೆಗೆ ನೇರ ಸಂಬಂಧವಿರುವ ದಾಖಲೆಗಳಿಗೆ ಸೀಮಿತವಾಗಿರಿ. ಕಂಪನಿಯ ವಕೀಲರ ಪತ್ರವ್ಯವಹಾರವನ್ನಂತೂ ಮುಟ್ಟಬೇಡಿ. ರೋಗಿಗಳ ಗೋಪ್ಯತೆ ಕಾಯುವ ಹಿಪಾ ನಿಯಮಗಳಲ್ಲಿ ಇಂಥ ಸಂದರ್ಭಕ್ಕೆಂದೇ ಒಂದು ವಿನಾಯಿತಿ ಇದೆ. ಸಂಸ್ಥೆ ಕಾನೂನು ಮೀರುತ್ತಿದೆ ಎಂದು ಪ್ರಾಮಾಣಿಕವಾಗಿ ನಂಬಿದ ಉದ್ಯೋಗಿ ಆ ಮಾಹಿತಿಯನ್ನು ಮೇಲ್ವಿಚಾರಣೆಯ ಸರ್ಕಾರಿ ಸಂಸ್ಥೆಗೆ, ಅಥವಾ ಕಾನೂನು ಸಲಹೆಗಾಗಿ ತಾನು ನೇಮಿಸಿಕೊಂಡ ವಕೀಲರಿಗೆ ಕೊಡಬಹುದು. ಪತ್ರಕರ್ತರಿಗೆ, ಭಾವಮೈದುನನಿಗೆ ಈ ವಿನಾಯಿತಿ ವಿಸ್ತರಿಸುವುದಿಲ್ಲ.

ಇನ್ನು ಕೆಲಸದ ವಿಚಾರ. ಅದೇ ಕಾಯ್ದೆಯ 3730ನೇ ಸೆಕ್ಷನ್ನಿನ ಎಚ್ ಉಪವಿಭಾಗ, ವಂಚನೆಯನ್ನು ತಡೆಯಲು ಕಾನೂನುಬದ್ಧವಾಗಿ ಪ್ರಯತ್ನಿಸಿದ ಉದ್ಯೋಗಿಯನ್ನಾಗಲಿ ಗುತ್ತಿಗೆ ನೌಕರನನ್ನಾಗಲಿ ವಜಾ ಮಾಡುವುದು, ಹಿಂಬಡ್ತಿ ಕೊಡುವುದು, ಅಮಾನತು ಮಾಡುವುದು, ಬೆದರಿಸುವುದು, ಕಿರುಕುಳ ಕೊಡುವುದು ಇವೆಲ್ಲವನ್ನೂ ನಿಷೇಧಿಸುತ್ತದೆ. ಪರಿಹಾರವಾಗಿ ಅದೇ ಹಿರಿತನದೊಂದಿಗೆ ಮರುನೇಮಕ, ತಪ್ಪಿದ ಸಂಬಳದ ಎರಡು ಪಟ್ಟು, ಬಡ್ಡಿ, ವಕೀಲರ ಶುಲ್ಕ ಸಿಗಬಹುದು. ಇದಕ್ಕೆ ನೀವು ಕ್ವಿ ಟಾಮ್ ದಾವೆಯನ್ನೇ ಹೂಡಿರಬೇಕೆಂದಿಲ್ಲ. ಪ್ರತೀಕಾರ ನಡೆದ ದಿನದಿಂದ 3 ವರ್ಷದೊಳಗೆ ಕೋರ್ಟಿಗೆ ಹೋದರೆ ಸಾಕು. ಆದರೆ ನೀವು ಆಕ್ಷೇಪ ಎತ್ತಿದ್ದು ಮಾಲೀಕರಿಗೆ ಗೊತ್ತಿತ್ತು, ಆ ಕಾರಣಕ್ಕೇ ನಿಮ್ಮ ಮೇಲೆ ಕ್ರಮ ಕೈಗೊಂಡರು ಎಂದು ತೋರಿಸುವ ಹೊಣೆ ನಿಮ್ಮದು. ನನ್ನ ಸಹೋದ್ಯೋಗಿ ವಿಷಯವನ್ನು ಮ್ಯಾನೇಜರಿಗೆ ಕಾರಿಡಾರಿನಲ್ಲಿ ನಿಂತು ಬಾಯಿಮಾತಿನಲ್ಲಿ ಹೇಳಿದ್ದರು. ಎರಡು ವಾರದಲ್ಲಿ ಅವರನ್ನು ಬೇರೆ ವಿಭಾಗಕ್ಕೆ ಎತ್ತಿ ಹಾಕಿದರು, ಮುಂದೆ ಕಂಪನಿ ‘ಅಂಥ ಮಾತೇ ನಡೆದಿಲ್ಲ’ ಎಂದಿತು. ಒಂದು ಇಮೇಲ್ ಇದ್ದಿದ್ದರೆ ಆ ವಾದಕ್ಕೆ ಜಾಗವೇ ಇರುತ್ತಿರಲಿಲ್ಲ. ಒಳಗೆ ಬರವಣಿಗೆಯಲ್ಲಿ ದೂರಿದರೆ ಪ್ರತೀಕಾರದ ವಿರುದ್ಧ ದಾಖಲೆ ಸಿಗುತ್ತದೆ, ಅದರ ಜೊತೆಗೆ ಕಂಪನಿ ಎಚ್ಚೆತ್ತುಕೊಳ್ಳುತ್ತದೆ. ಈ ಇಕ್ಕಟ್ಟಿನಲ್ಲಿ ಯಾವುದು ನಿಮಗೆ ವಾಸಿ ಎಂಬುದನ್ನು ವಕೀಲರೊಂದಿಗೆ ಕೂತು ತೀರ್ಮಾನಿಸಿದ ಮೇಲೆಯೇ ಇಮೇಲ್ ಕಳಿಸಿ.

ಹಣದ ಬಗ್ಗೆ ನೀವು ಕೇಳಿಲ್ಲವಾದರೂ ಹೇಳುತ್ತೇನೆ. ಸರ್ಕಾರ ದಾವೆಯನ್ನು ತಾನೇ ಕೈಗೆತ್ತಿಕೊಂಡರೆ ವಸೂಲಾದದ್ದರಲ್ಲಿ ಶೇ 15ರಿಂದ 25, ಕೈಗೆತ್ತಿಕೊಳ್ಳದೆ ನೀವೇ ಮುಂದುವರಿಸಿ ಗೆದ್ದರೆ ಶೇ 25ರಿಂದ 30 ರಿಲೇಟರ್‌ಗೆ ಸಲ್ಲುತ್ತದೆ. ಅದೇ ವಂಚನೆಯ ಬಗ್ಗೆ ಬೇರೊಬ್ಬರು ಮೊದಲೇ ದಾವೆ ಹೂಡಿದ್ದರೆ ನಿಮಗೆ ದಾರಿ ಮುಚ್ಚುತ್ತದೆ. ಔಷಧ ಕಂಪನಿ ರಾನ್‌ಬಾಕ್ಸಿಯ ಮಾಜಿ ಅಧಿಕಾರಿ ದಿನೇಶ್ ಠಾಕೂರ್ ಅವರು ಅದರ ವಿರುದ್ಧ 2007ರಲ್ಲಿ ಹೂಡಿದ ದಾವೆ ಇತ್ಯರ್ಥವಾದದ್ದು 2013ರಲ್ಲಿ. ಕಂಪನಿ ಕಟ್ಟಿದ್ದು 50 ಕೋಟಿ ಡಾಲರ್, ಅವರಿಗೆ ಬಂದದ್ದು ಸುಮಾರು 4.86 ಕೋಟಿ ಡಾಲರ್. ಪತ್ರಿಕೆಗಳಲ್ಲಿ ಮೊತ್ತ ದಪ್ಪಕ್ಷರದಲ್ಲಿ ಬರುತ್ತದೆ, ಆರು ವರ್ಷದ ಕಾಯುವಿಕೆ ಬರುವುದಿಲ್ಲ. ಇನ್ನೊಂದು ಮಾತು: ಖಾಸಗಿ ವ್ಯಕ್ತಿ ಸರ್ಕಾರದ ಪರ ದಾವೆ ಹೂಡುವುದೇ ಸಂವಿಧಾನಕ್ಕೆ ವಿರುದ್ಧ ಎಂದು ಫ್ಲಾರಿಡಾದ ಒಂದು ಜಿಲ್ಲಾ ನ್ಯಾಯಾಲಯ 2024ರ ಸೆಪ್ಟೆಂಬರಿನಲ್ಲಿ ತೀರ್ಪಿತ್ತು, ಅದರ ಮೇಲೆ ಮೇಲ್ಮನವಿಯೂ ಹೋಯಿತು. ಬೇರೆ ನ್ಯಾಯಾಲಯಗಳು ಈ ವಾದವನ್ನು ಹಿಂದೆ ತಳ್ಳಿಹಾಕಿವೆ. ನಿಮ್ಮ ರಾಜ್ಯದಲ್ಲಿ ಇದರ ಪರಿಣಾಮವೇನು ಎಂಬುದನ್ನು ವಕೀಲರಲ್ಲಿ ಕೇಳಲು ಮರೆಯಬೇಡಿ.

ಕೊನೆಗೆ, ನಿಮ್ಮನ್ನು ನಿಜವಾಗಿ ಕಾಡುತ್ತಿರುವ ವೀಸಾ. ಮೇಲೆ ಹೇಳಿದ ಯಾವ ರಕ್ಷಣೆಯೂ ವೀಸಾದ ಗಡಿಯಾರವನ್ನು ನಿಲ್ಲಿಸುವುದಿಲ್ಲ. ಕೆಲಸ ಹೋದ ಮೇಲೆ ಎಚ್‌-1ಬಿ ನೌಕರನಿಗೆ ಸಿಗುವುದು ಹೆಚ್ಚೆಂದರೆ 60 ದಿನ, ದೇಶದಲ್ಲಿ ಎಲ್ಲಿಯವರೆಗೆ ಇರಬಹುದೆಂದು ತಿಳಿಸುವ ಐ-94 ದಾಖಲೆಯ ಅವಧಿ ಅದಕ್ಕೂ ಮೊದಲು ಮುಗಿದರೆ ಅಷ್ಟೇ ದಿನ; ಮರುನೇಮಕದ ಆದೇಶ ಬರುವ ಹೊತ್ತಿಗೆ ಆ ಅವಧಿ ಎಂದೋ ಮುಗಿದಿರುತ್ತದೆ. ಆ 60 ದಿನದೊಳಗೆ ಹೊಸ ಮಾಲೀಕರು ನಿಮ್ಮ ಪರವಾಗಿ ಅರ್ಜಿ ಹಾಕಿರಬೇಕು, ಅಥವಾ ನೀವು ಬೇರೆ ಸ್ಥಾನಮಾನಕ್ಕೆ ಅರ್ಜಿ ಸಲ್ಲಿಸಿರಬೇಕು. ಹಾಗಾಗಿ ಈ ವಾರ ಇಬ್ಬರು ವಕೀಲರನ್ನು ಕಾಣಿ, ಒಬ್ಬರು ಕ್ವಿ ಟಾಮ್ ಪ್ರಕರಣಗಳನ್ನೇ ನಡೆಸುವವರು, ಇನ್ನೊಬ್ಬರು ವಲಸೆ ಕಾನೂನಿನವರು. ಮೊದಲನೆಯವರು ಸಾಮಾನ್ಯವಾಗಿ ಮುಂಗಡ ಶುಲ್ಕ ಕೇಳದೆ, ಗೆದ್ದರೆ ಬರುವ ಮೊತ್ತದಲ್ಲಿ ಪಾಲು ಪಡೆಯುತ್ತಾರೆ. ಅವರಿಬ್ಬರಿಗೂ ಕಂಪನಿಯ ಲ್ಯಾಪ್‌ಟಾಪಿನಿಂದ ಬರೆಯಬೇಡಿ, ಕಂಪನಿಯ ಫೋನಿನಿಂದ ಕರೆ ಮಾಡಬೇಡಿ.