ಕೋಲಾರದಲ್ಲಿ ಬೇಗ ಡಿಎಲ್ ಮಾಡಿಸಿಕೊಡೋ ಡ್ರೈವಿಂಗ್ ಸ್ಕೂಲ್ ಯಾವುದು? ನನಗೆ 33, ತಮ್ಮನಿಗೆ 17. ಇಬ್ಬರೂ ಸೇರಲೇಬೇಕಾ?

ಸೇರಲೇಬೇಕು ಅಂತ ಕಾನೂನಿಲ್ಲ. ಡ್ರೈವಿಂಗ್ ಸ್ಕೂಲ್ ಕೊಡೋ ಫಾರಂ 5 ಸರ್ಟಿಫಿಕೇಟ್ ಲಾರಿ, ಬಸ್ಸಿನಂಥ ಸಾರಿಗೆ ವಾಹನಕ್ಕೆ ಬೇಕು, ಮನೆ ಕಾರಿಗೆ ಕಡ್ಡಾಯವಲ್ಲ. ಆದರೆ ನೀವು ಕೇಳಿರೋ ಆ 'ಬೇಗ' ಅನ್ನೋದನ್ನ ನೋಡಿ ಸುಮ್ಮನಿರೋಕೆ ಆಗಲಿಲ್ಲ. ನಾನೂ ಮೂವತ್ತು ದಾಟಿದ ಮೇಲೆ ಕಲಿಯೋಕೆ ಹೊರಟವಳು, ನಾನು ವಿಚಾರಿಸಿದ್ದೂ ಅದನ್ನೇ.

ಯಜಮಾನರಿಗೆ ನರಸಾಪುರದಲ್ಲಿ ಶಿಫ್ಟ್ ಕೆಲಸ. ಮಗಳ ಸ್ಕೂಲು ಒಂದು ದಿಕ್ಕಿಗೆ, ಅತ್ತೆಯ ಆಸ್ಪತ್ರೆ ಇನ್ನೊಂದು ದಿಕ್ಕಿಗೆ. ಕಾರು ಮನೆ ಮುಂದೆ ನಿಂತೇ ಇರ್ತಿತ್ತು. ಒಂದು ಸ್ಕೂಲಲ್ಲಿ ಎಲ್ಎಲ್ (ಕಲಿಯೋವಾಗ ಬೇಕಾಗೋ ಲರ್ನರ್ ಲೈಸೆನ್ಸ್), ಕ್ಲಾಸು, ಡಿಎಲ್ ಎಲ್ಲಾ ಸೇರಿ ಇಷ್ಟು ಅಂದರು, ಕಟ್ಟಿಬಿಟ್ಟೆ. ಬೆಳಗ್ಗೆ ಒಂದು ಕಾರಲ್ಲಿ ಕಲಿಯೋರೆಲ್ಲ ತುಂಬಿಕೊಂಡು ಹೋಗೋದು, ಒಬ್ಬರು ಓಡಿಸೋವಾಗ ಮಿಕ್ಕವರು ಹಿಂದೆ ಕೂತು ಕಾಯೋದು. ನನ್ನ ಸರದಿ ಬರೋ ಹೊತ್ತಿಗೆ ಟೈಮ್ ಆಗಿರ್ತಿತ್ತು.

ಸ್ಕೂಲ್ ಕಾರಲ್ಲಿ ಎಡಗಡೆ ಸೀಟಿನ ಮುಂದೆಯೂ ಕ್ಲಚ್, ಬ್ರೇಕ್ ಇರುತ್ತೆ. ಇರಲೇಬೇಕು ಅಂತ ನಿಯಮವೇ ಇದೆ, ಅದು ಒಳ್ಳೇದೇ. ಆದರೆ ನಮ್ಮ ಮೇಷ್ಟ್ರು ಅದರ ಮೇಲಿಂದ ಕಾಲು ತೆಗೀತಾನೇ ಇರಲಿಲ್ಲ. ನಾನು ಒತ್ತೋಕೆ ಮುಂಚೇನೇ ನನ್ನ ಕ್ಲಚ್ ಪೆಡಲ್ಲು ಪಾದದ ಕೆಳಗಿಂದ ಜಾರಿ ಇಳಿದುಬಿಡೋದು, ಬಿಡೋಕೆ ಮುಂಚೇನೇ ಮೇಲೆ ಬಂದು ಅಂಗಾಲಿಗೆ ತಾಗೋದು. ಕಾರು ಒಂದ್ಸಲಾನೂ ಆಫ್ ಆಗಲಿಲ್ಲ. ನಾನು ಓಡಿಸ್ತಿದ್ದೀನಿ ಅಂದ್ಕೊಂಡಿದ್ದೆ. ಸ್ಟೀರಿಂಗ್ ಮಾತ್ರ ತಿರುಗಿಸ್ತಿದ್ದೆ.

ನಾನು ಮಾಡಿದ ತಪ್ಪು ಇದಲ್ಲ, ಮುಂದಿನದು. ಇದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ. ಪ್ರತಿ ಸ್ಕೂಲಲ್ಲೂ ಫಾರಂ 15 ಅಂತ ಒಂದು ರಿಜಿಸ್ಟರ್ ಇರಬೇಕು. ಯಾರು, ಯಾವತ್ತು, ಎಷ್ಟು ಗಂಟೆಯಿಂದ ಎಷ್ಟು ಗಂಟೆವರೆಗೆ ಓಡಿಸಿದರು ಅಂತ ಅದರಲ್ಲಿ ಬರೆದು ಕಲಿಯೋರ ಸಹಿ ತಗೋಬೇಕು. 1989ರ ಕೇಂದ್ರ ಮೋಟಾರು ವಾಹನ ನಿಯಮದಲ್ಲಿ ಕಾರಿಗೆ 21 ದಿನಕ್ಕೆ ಕಡಿಮೆ ಇಲ್ಲದ ತರಬೇತಿ ಇರಬೇಕು, ಅದರಲ್ಲಿ ಸ್ಟೀರಿಂಗ್ ಹಿಡಿದು ಓಡಿಸಿದ್ದೇ 10 ಗಂಟೆಗೆ ಕಡಿಮೆ ಇರಬಾರದು. ಆ 10 ಗಂಟೆಗೆ ನಮ್ಮ ಕಡೆಯಿಂದ ಇರೋ ಸಾಕ್ಷಿ ಅಂದರೆ ನಮ್ಮ ಸಹಿ. ಒಂದು ದಿನ ಆಫೀಸಲ್ಲಿ ಪುಸ್ತಕ ಮುಂದಿಟ್ಟು "ಇಲ್ಲೆಲ್ಲಾ ಹಾಕ್ಬಿಡಿ ಮೇಡಂ" ಅಂದರು. ಇನ್ನೂ ಓಡಿಸದೇ ಇದ್ದ ದಿನಗಳ ಸಾಲಿಗೂ ಮೇಲಿಂದ ಕೆಳಗೆ ಸಹಿ ಹಾಕ್ತಾ ಹೋದೆ. ಎರಡು ಮೂರು ಥರ ಪೆನ್ನು ಕೊಟ್ಟಿದ್ದರು. ಅದ್ಯಾಕೆ ಅಂತ ಕೂಡ ನಾನು ಕೇಳಲಿಲ್ಲ. ಸಹಿ ಬಿದ್ದ ಮೇಲೆ ಅವರಿಗೆ ನನ್ನ ಜೊತೆ ಕೆಲಸ ಮುಗೀತು. ಕ್ಲಾಸು ತಪ್ಪಿದರೆ ಫೋನು ಬರೋದೂ ನಿಂತಿತು. ಡಿಎಲ್ ಅಂಚೆಯಲ್ಲಿ ಮನೆಗೆ ಬಂತು. ಅವತ್ತು ನಾನು "ಇಲ್ಲ, ಓಡಿಸಿದ ದಿನಕ್ಕೆ ಮಾತ್ರ ಹಾಕ್ತೀನಿ" ಅಂದಿದ್ದರೆ ನನ್ನ ಗಂಟೆಗಳು ನನಗೆ ಉಳೀತಿದ್ದವು.

ಕಾರ್ತಿಕ ಸೋಮವಾರ. ಅಂತರಗಂಗೆಗೆ ಅತ್ತೆನ ಕರ್ಕೊಂಡು ಹೊರಟೆ. ಬೆಟ್ಟದ ಕಡೆ ಏರಲ್ಲಿ ಸಾಲಾಗಿ ಗಾಡಿ ನಿಂತಿತ್ತು. ಮುಂದಿನ ಆಟೋ ಹೊರಟಿತು, ನಾನು ಬ್ರೇಕಿಂದ ಕಾಲು ತೆಗೆದೆ. ಕ್ಲಚ್ ಎಲ್ಲಿ ಹಿಡಿಯುತ್ತೆ ಅಂತ ನನ್ನ ಕಾಲಿಗೆ ಗೊತ್ತೇ ಇರಲಿಲ್ಲ. ಕಾರು ಹಿಂದಕ್ಕೆ ಹೋಯಿತು. ಹಿಂದೆ ಸ್ಕೂಟರಲ್ಲಿ ಒಬ್ಬ ಹೆಂಗಸು, ಅವರ ಕಾಲು ಗಾಡಿ ಕೆಳಗೆ ಸಿಕ್ಕಿ ಮೂಳೆ ಮುರೀತು. ಆಸ್ಪತ್ರೆ ಖರ್ಚು ಕೊಟ್ಟೆವು, ಅದು ಹೋಗಲಿ. ತಿಂಗಳುಗಟ್ಟಲೆ ಅವರು ಕೆಲಸಕ್ಕೆ ಹೋಗಲಿಲ್ಲ. ನಾನು ವರ್ಷಗಟ್ಟಲೆ ಕೀ ಮುಟ್ಟಲಿಲ್ಲ.

ಆಮೇಲೆ ಕಲಿಸಿದ್ದು ನಮ್ಮ ಚಿಕ್ಕಪ್ಪ. ಎಪಿಎಂಸಿಯಿಂದ ಟೊಮೆಟೊ ಲೋಡು ಹಾಕ್ಕೊಂಡು ಚೆನ್ನೈಗೆ ಲಾರಿ ಓಡಿಸಿದವರು. ಖಾಲಿ ಲೇಔಟಲ್ಲಿ ಕೂರಿಸಿ, ಆಕ್ಸಿಲರೇಟರ್ ಮುಟ್ಟಲೇಬೇಡ, ಬರೀ ಕ್ಲಚ್ಚಲ್ಲಿ ಕಾರು ಜರುಗಿಸು ಅಂದರು. ಆಫ್ ಆಯ್ತು, ಮತ್ತೆ ಆಫ್ ಆಯ್ತು. ಆಗಲಿ ಬಿಡು, ಎಷ್ಟು ಆಫ್ ಆಗುತ್ತೋ ಅಷ್ಟು ಕಲೀತೀಯ ಅಂದರು. ಆಮೇಲೆ ಏರಿಗೆ ಕರ್ಕೊಂಡು ಹೋದರು. ಹ್ಯಾಂಡ್‌ಬ್ರೇಕ್ ಎಳೆದು, ಫಸ್ಟ್ ಗೇರ್ ಹಾಕಿ, ಕ್ಲಚ್ ನಿಧಾನಕ್ಕೆ ಬಿಡ್ತಾ ಬಂದರೆ ಒಂದು ಕಡೆ ಎಂಜಿನ್ ಸದ್ದು ತಗ್ಗುತ್ತೆ, ಬಾನೆಟ್ ಒಂಚೂರು ಮೇಲೆದ್ದ ಹಾಗಾಗುತ್ತೆ. ಕಾಲನ್ನ ಅಲ್ಲೇ ನಿಲ್ಲಿಸಬೇಕು. ಸ್ವಲ್ಪ ಆಕ್ಸಿಲರೇಟರ್ ಕೊಟ್ಟು ಆಮೇಲೆ ಹ್ಯಾಂಡ್‌ಬ್ರೇಕ್ ಇಳಿಸಬೇಕು. ಡಿಎಲ್ ಟೆಸ್ಟಲ್ಲಿ ಏನೇನು ನೋಡಬೇಕು ಅಂತ ಹೇಳೋ, ಅದೇ 1989ರ ನಿಯಮಗಳ 15ನೇ ನಿಯಮದಲ್ಲಿ ಇದೂ ಇದೆ: ಕಡಿದಾದ ಏರಲ್ಲಿ ನಿಲ್ಲಿಸಿ, ಹಿಂದಕ್ಕೆ ಹೋಗದ ಹಾಗೆ ಮತ್ತೆ ಹೊರಡೋದು. ಅಂದರೆ ಇದು ಹೆಚ್ಚಿನ ವಿದ್ಯೆಯೇನಲ್ಲ, ಕನಿಷ್ಠ.

ಅದಕ್ಕೇ ಬೇಗ ಮಾಡಿಸಿಕೊಡೋ ಸ್ಕೂಲಿನ ಹೆಸರು ನಾನು ಹೇಳಲ್ಲ. ಎಲ್ಎಲ್ ಆಗಿ 30 ದಿನ ಕಳೆಯದೆ ಯಾರಿಗೂ ಡಿಎಲ್ ಟೆಸ್ಟ್ ಇಲ್ಲ, ಅದಕ್ಕಿಂತ ಬೇಗ ಅನ್ನೋದೇ ಇಲ್ಲ. ಎಲ್ಎಲ್ 6 ತಿಂಗಳು ನಡೆಯುತ್ತೆ, ಅಷ್ಟನ್ನೂ ಕಲಿಯೋಕೆ ಬಳಸಿ. ಆ ಅವಧಿಯಲ್ಲಿ ಎಲ್ ಬೋರ್ಡು, ಪಕ್ಕದಲ್ಲಿ ಲೈಸೆನ್ಸ್ ಇರೋರು, ಎರಡೂ ಇರಬೇಕು. ಸ್ಕೂಲಿಗೆ ಸೇರಿ, ನಾನಂತೂ ಸೇರಿ ಅಂತಲೇ ಹೇಳ್ತೀನಿ, ಆದರೆ ದುಡ್ಡು ಕಟ್ಟೋ ಮುಂಚೆ "ದಿನಕ್ಕೆ ನನ್ನ ಕೈಗೆ ಎಷ್ಟು ಹೊತ್ತು ಸ್ಟೀರಿಂಗ್ ಬರುತ್ತೆ, ಯಾವತ್ತಿಂದ ನೀವು ಕ್ಲಚ್ ಮೇಲಿಂದ ಕಾಲು ತೆಗೀತೀರಿ" ಅಂತ ಮೇಷ್ಟ್ರನ್ನ ಕೇಳಿ. ತಡವರಿಸಿದರೆ ಎದ್ದು ಬನ್ನಿ. 10 ಗಂಟೆ ಕೂಡ ಕಡಿಮೆಯೇ. 2021ರ ಜುಲೈಯಿಂದ ಬಂದಿರೋ ಮಾನ್ಯತೆ ಪಡೆದ ಚಾಲನಾ ತರಬೇತಿ ಕೇಂದ್ರಗಳ ನಿಯಮದಲ್ಲಿ ಕಾರಿನ ಕೋರ್ಸೇ 29 ಗಂಟೆ, ಅದರಲ್ಲಿ 21 ಗಂಟೆ ಪ್ರಾಕ್ಟಿಕಲ್. ಅಂಥ ಕಡೆ ಪಾಸಾದರೆ ಆರ್‌ಟಿಓ ಟೆಸ್ಟಿಂದ ವಿನಾಯಿತಿ ಇದೆ.

ತಮ್ಮನ ವಿಷಯ. 18 ತುಂಬೋವರೆಗೂ ಕಾರಿಗೆ ಎಲ್ಎಲ್ ಕೂಡ ಸಿಗಲ್ಲ. 16ಕ್ಕೆ ಸಿಗುತ್ತಲ್ಲ ಅಂತಾರೆ, ಅದು 50 ಸಿಸಿ ಒಳಗಿನ ಗೇರಿಲ್ಲದ ಗಾಡಿಗೆ. ಮನೇಲಿರೋ 110 ಸಿಸಿ ಸ್ಕೂಟರಿಗೆ ಅದು ನಡೆಯಲ್ಲ. ಹಾಲು ತರೋಕೆ, ಟ್ಯೂಷನ್ನಿಗೆ ಅಂತ ಕೀ ಕೊಡಬೇಡಿ. ಮೋಟಾರು ವಾಹನ ಕಾಯ್ದೆಗೆ 2019ರ ತಿದ್ದುಪಡಿಯಲ್ಲಿ ಬಂದ 199ಎ ಕಲಂ ಪ್ರಕಾರ ಹುಡುಗ ಸಿಕ್ಕಿಬಿದ್ದು ಅಪರಾಧ ಸಾಬೀತಾದರೆ ಪೋಷಕರಿಗೆ ಅಥವಾ ಗಾಡಿ ಮಾಲೀಕರಿಗೆ 3 ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ. ಗಾಡಿ ನೋಂದಣಿ 12 ತಿಂಗಳು ರದ್ದು, ಅವನಿಗೆ 25 ವರ್ಷ ಆಗೋವರೆಗೂ ಲೈಸೆನ್ಸ್ ಇಲ್ಲ. 18 ಆದ ಮೇಲೆ ಅವನಿಗೂ ನಿಮಗೂ ತರಬೇತಿಯ ನಿಯಮ ಒಂದೇ, ವಯಸ್ಸಿಗೆ ತಕ್ಕ ಹಾಗೆ ಹೆಚ್ಚು ಕಮ್ಮಿ ಇಲ್ಲ. ಅವನನ್ನೂ ಅದೇ ಸ್ಕೂಲಿಗೆ ಕಳಿಸೋದಾದರೆ, ನಿಮ್ಮ ಕ್ಲಾಸು ಪೂರ್ತಿ ಮುಗಿದು, ನೀವು ಯಾರ ಸಹಾಯ ಇಲ್ಲದೆ ಏರಲ್ಲಿ ಗಾಡಿ ಹೊರಡಿಸಿದ ಮೇಲೆ ಕಳಿಸಿ.